ರಿಕಿ ನೆಲ್ಸನ್ ಅವರ ಹಾಡುಗಾರಿಕೆಯನ್ನು ಕೇಳುವ ಬಗೆ: ಪುಣೆಯ ಕನ್ನಡ ಕೇಳುಗರಿಗೊಂದು ಕೈಪಿಡಿ

ರಾಕ್ ಆಂಡ್ ರೋಲ್ ಸಂಗೀತದ ಮೊದಲ ತಲೆಮಾರಿನ ಮಾತು ಬಂದಾಗ ಎಲ್ವಿಸ್ ಪ್ರೆಸ್ಲಿ, ಚಕ್ ಬೆರ್ರಿ, ಲಿಟ್ಲ್ ರಿಚರ್ಡ್, ಬಡಿ ಹಾಲಿ ಅವರ ಹೆಸರುಗಳು ತಾವಾಗಿಯೇ ನಾಲಿಗೆಗೆ ಬರುತ್ತವೆ. ರಿಕಿ ನೆಲ್ಸನ್ ಅವರ ಹೆಸರು ಬಂದರೂ, ಟಿವಿಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಚೆಲುವ ಹುಡುಗ, ಅಪ್ಪನ ಬಲದಿಂದ ಗಾಯಕನಾದವನು ಎಂಬ ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಈ ತೀರ್ಪು ಸರಿಯಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಇದನ್ನು ವಾದದಿಂದ ಒಪ್ಪಿಸುವುದು ಕಷ್ಟ. ಕೇಳಿಸಿಯೇ ಒಪ್ಪಿಸಬೇಕು, ಅದೂ ತಕ್ಕ ಧ್ವನಿಮುದ್ರಣಗಳನ್ನು ಆಯ್ದು, ತಕ್ಕ ಕ್ರಮದಲ್ಲಿ ಇರಿಸಿ, ಎಲ್ಲಿ ಕಿವಿಗೊಡಬೇಕೆಂಬುದನ್ನು ಮೊದಲೇ ಹೇಳಿ ಕೇಳಿಸಬೇಕು. ಪುಣೆಯಲ್ಲಿ ನೆಲೆಸಿರುವ ಕನ್ನಡಿಗರು ಮನೆಯಲ್ಲಿ ನಾಲ್ಕಾರು ಮಂದಿ ಸೇರಿ, ಒಂದೆರಡು ಸಂಜೆಗಳನ್ನು ಈ ಗಾಯಕರಿಗಾಗಿ ಮೀಸಲಿಡುವುದಾದರೆ ಅದನ್ನು ಹೇಗೆ ನಡೆಸಬಹುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಪುಣೆಯ ಕೇಳುಗರನ್ನು ಉದ್ದೇಶಿಸಿ ಬರೆಯುವುದಕ್ಕೆ ಕಾರಣವಿದೆ. ಗದಗದ ನೆಲದಿಂದ ಬಂದು ಈ ಊರಿನಲ್ಲಿ ನೆಲೆನಿಂತ ಭೀಮಸೇನ ಜೋಶಿಯವರು ತಮ್ಮ ಗುರು ಸವಾಯಿ ಗಂಧರ್ವರ ಸ್ಮರಣೆಗಾಗಿ 1953ರಲ್ಲಿ ಆರಂಭಿಸಿದ ಸಂಗೀತೋತ್ಸವವನ್ನು ಇಲ್ಲಿನ ಕನ್ನಡ ಮನೆಗಳು ತಮ್ಮ ಮನೆಯ ಹಬ್ಬವೆಂದೇ ಭಾವಿಸಿಕೊಂಡು ಬಂದಿವೆ. ಹಿಂದುಸ್ತಾನಿ ಸಂಗೀತದ ಕಿರಾನಾ ಘರಾಣೆಯ ಗಾಯನವನ್ನು ಕೇಳುತ್ತ ಬೆಳೆದ ಕಿವಿಗೆ ಸ್ವರದ ನಿಖರತೆ ಏನೆಂಬುದು ಗೊತ್ತು. ಅದೇ ಕಿವಿಗೆ ಎರಡು ತೊಡಕುಗಳೂ ಇವೆ. ಮುಕ್ಕಾಲು ಗಂಟೆಯ ಖ್ಯಾಲ್ ಕೇಳಿ ರೂಢಿಯಾದವರಿಗೆ ಎರಡು ನಿಮಿಷ ಚಿಲ್ಲರೆಯ ಹಾಡು ಆರಂಭವಾಗುವ ಮೊದಲೇ ಮುಗಿದಂತೆ ತೋರುತ್ತದೆ. ತಾನುಗಳ, ಅಂದರೆ ವೇಗವಾಗಿ ಹರಿಯುವ ಸ್ವರಗುಚ್ಛಗಳ, ವೈಭವವನ್ನು ನಿರೀಕ್ಷಿಸುವವರಿಗೆ, ಬರೆದ ಸ್ವರವನ್ನು ಬಿಟ್ಟು ಆಚೀಚೆ ಸರಿಯದ ದನಿಯಲ್ಲಿ ಪ್ರತಿಭೆಯೇ ಇಲ್ಲವೆಂಬ ಭಾವನೆ ಬರುತ್ತದೆ. ಈ ಎರಡಕ್ಕೂ ಪರಿಹಾರವನ್ನು ಕೇಳುವ ಕ್ರಮದಲ್ಲಿಯೇ ಕಂಡುಕೊಳ್ಳಬೇಕು.

ಕೇಳುವ ಮೊದಲು ತಿಳಿದಿರಬೇಕಾದಷ್ಟು

ರಿಕಿ ನೆಲ್ಸನ್ ಹುಟ್ಟಿದ್ದು 1940ರ ಮೇ 8ರಂದು, ಅಮೆರಿಕದ ನ್ಯೂ ಜೆರ್ಸಿ ರಾಜ್ಯದ ಟೀನೆಕ್ ಎಂಬ ಊರಿನಲ್ಲಿ. ತಂದೆ ಆಜೀ ನೆಲ್ಸನ್ 1930ರ ದಶಕದಲ್ಲಿ ನೃತ್ಯದ ವಾದ್ಯವೃಂದವನ್ನು ನಡೆಸುತ್ತಿದ್ದವರು. ತಾಯಿ ಹ್ಯಾರಿಯೆಟ್ ಅದೇ ವೃಂದದಲ್ಲಿ ಹಾಡುತ್ತಿದ್ದವರು. ಈ ದಂಪತಿ 1944ರಲ್ಲಿ ತಮ್ಮದೇ ಸಂಸಾರದ ಕಥೆಯನ್ನು ರೇಡಿಯೋ ಕಾರ್ಯಕ್ರಮವಾಗಿ ಆರಂಭಿಸಿದರು. 1949ರಿಂದ ಡೇವಿಡ್ ಮತ್ತು ರಿಕಿ ಎಂಬ ಇಬ್ಬರು ಮಕ್ಕಳೂ ತಮ್ಮ ಪಾತ್ರಗಳನ್ನು ತಾವೇ ಅಭಿನಯಿಸತೊಡಗಿದರು, ಮತ್ತು 1952ರಿಂದ 1966ರವರೆಗೆ ಅದು ಟಿವಿಯಲ್ಲಿ ಪ್ರಸಾರವಾಯಿತು. 1957ರ ಏಪ್ರಿಲ್ ತಿಂಗಳಲ್ಲಿ, ಹದಿನೇಳು ತುಂಬುವ ಮೊದಲೇ, ರಿಕಿ ಆ ಕಾರ್ಯಕ್ರಮದಲ್ಲಿ ಫ್ಯಾಟ್ಸ್ ಡಾಮಿನೋ ಅವರ ‘ಐ ಆಮ್ ವಾಕಿಂಗ್’ ಹಾಡನ್ನು ಹಾಡಿದರು. ಮುಂದಿನ ಐದಾರು ವರ್ಷಗಳಲ್ಲಿ ಅವರ ಸುಮಾರು ಮೂವತ್ತು ಹಾಡುಗಳು ಅಮೆರಿಕದ ಮೊದಲ ನಲವತ್ತು ಜನಪ್ರಿಯ ಹಾಡುಗಳ ಪಟ್ಟಿಯನ್ನು ಸೇರಿದವು. ಬಿಲ್‌ಬೋರ್ಡ್ ಪತ್ರಿಕೆ 1958ರ ಆಗಸ್ಟ್ 4ರಂದು ತನ್ನ ನೂರು ಹಾಡುಗಳ ಪಟ್ಟಿಯನ್ನು ಮೊಟ್ಟಮೊದಲ ಬಾರಿಗೆ ಪ್ರಕಟಿಸಿದಾಗ ಅದರ ಮೊದಲ ಸ್ಥಾನದಲ್ಲಿದ್ದದ್ದು ರಿಕಿಯವರ ‘ಪೂರ್ ಲಿಟ್ಲ್ ಫೂಲ್’.

ಇಷ್ಟನ್ನು ಕೇಳುಗರಿಗೆ ಹೇಳಿ ಅಲ್ಲಿಗೆ ನಿಲ್ಲಿಸಬೇಕು. ಯಶಸ್ಸಿನ ಅಂಕಿಗಳನ್ನು ಪಟ್ಟಿ ಮಾಡುತ್ತಹೋದರೆ ಹಳೆಯ ಅನುಮಾನವೇ ಬಲಗೊಳ್ಳುತ್ತದೆ: ವಾರವಾರವೂ ದೇಶದ ಮನೆಮನೆಯ ಪರದೆಯ ಮೇಲೆ ಕಾಣುವ ಹುಡುಗನ ಹಾಡು ಮಾರಾಟವಾಗದೆ ಇರುವುದುಂಟೇ ಎಂದು ಯಾರಾದರೂ ಕೇಳುತ್ತಾರೆ, ಮತ್ತು ಆ ಪ್ರಶ್ನೆ ನ್ಯಾಯವಾದದ್ದೇ. ಟಿವಿ ಅವರ ಹಾಡನ್ನು ಜನರಿಗೆ ಮುಟ್ಟಿಸಿತು ಎಂಬುದು ನಿಜ. ಆದರೆ ಸ್ಟುಡಿಯೋದಲ್ಲಿ ಮೈಕಿನ ಮುಂದೆ ನಿಂತಾಗ ಯಾವ ಸ್ವರವನ್ನು ಎಷ್ಟು ಹಿಡಿಯಬೇಕು, ಎಲ್ಲಿ ಸುಮ್ಮನಿರಬೇಕು, ಪಕ್ಕದಲ್ಲಿ ಯಾವ ವಾದಕನನ್ನು ನಿಲ್ಲಿಸಿಕೊಳ್ಳಬೇಕು ಎಂಬುದನ್ನು ಟಿವಿ ಕಲಿಸಿಕೊಡಲಿಲ್ಲ. ಅವರ ಪ್ರತಿಭೆ ಸಂಯಮದಲ್ಲಿದೆ. ಸುತ್ತಲಿನವರೆಲ್ಲ ಕೂಗಿ, ಬಿಕ್ಕಿ, ಅಬ್ಬರಿಸಿ ಹಾಡುತ್ತಿದ್ದ ಕಾಲದಲ್ಲಿ ಹದಿನೆಂಟರ ತರುಣನೊಬ್ಬ ದನಿಯನ್ನು ಏರಿಸದೆ ರಾಕ್ ಆಂಡ್ ರೋಲ್ ಹಾಡಿದರು, ಮತ್ತು ಹಾಡಿನ ವೇಗವೂ ಬಿಸಿಯೂ ಅದರಿಂದ ಕುಗ್ಗಲಿಲ್ಲ. ಈ ಕೈಪಿಡಿಯ ಉದ್ದೇಶ ಅದನ್ನು ಕಿವಿಯಿಂದಲೇ ಗುರುತಿಸುವುದು.

ಧ್ವನಿಮುದ್ರಣಗಳ ಆಯ್ಕೆ

ಬಹಳ ಮಂದಿ ಎಡವುವುದು ಇಲ್ಲಿಯೇ. ಫೋನಿನಲ್ಲಿ ಹಾಡಿನ ಹೆಸರನ್ನು ಹುಡುಕಿದಾಗ ಒಂದೇ ಹಾಡಿನ ಹಲವು ಆವೃತ್ತಿಗಳು ಬರುತ್ತವೆ. ರಿಕಿಯವರು ತಮ್ಮ ಹಳೆಯ ಹಾಡುಗಳನ್ನು 1980ರ ದಶಕದಲ್ಲಿ ಮತ್ತೆ ಹಾಡಿ ಮುದ್ರಿಸಿದ್ದಾರೆ. ವೇದಿಕೆಯ ಮೇಲಿನ ಮುದ್ರಣಗಳು ಬೇರೆ ಇವೆ. ಮೂಲ ಮುದ್ರಣವನ್ನೇ ಕೃತಕವಾಗಿ ಎರಡು ಕಿವಿಗೆ ಹಂಚಿ ಸ್ಟೀರಿಯೋ ಎಂದು ಹೊರತಂದ ಆವೃತ್ತಿಗಳೂ ಇವೆ. ನಮಗೆ ಬೇಕಾದದ್ದು 1957ರಿಂದ 1962ರವರೆಗೆ ಇಂಪೀರಿಯಲ್ ಎಂಬ ರೆಕಾರ್ಡ್ ಕಂಪನಿಗಾಗಿ ಹಾಲಿವುಡ್‌ನಲ್ಲಿ ಮುದ್ರಣವಾದ ಮೂಲ ಹಾಡುಗಳು. ಹಾಡಿನ ವಿವರದಲ್ಲಿ ಕಂಪನಿಯ ಹೆಸರನ್ನೂ ವರ್ಷವನ್ನೂ ನೋಡಬೇಕು. ಅದು ಸಿಗದಿದ್ದರೆ ದನಿಯನ್ನೇ ಪರೀಕ್ಷಿಸಬೇಕು: ಮೂಲದಲ್ಲಿ ದನಿ ಎಳೆಯದು, ತೆಳುವಾದದ್ದು, ಡ್ರಮ್ಸ್ ಹಿಂದೆ ಸರಿದು ಕೇಳಿಸುತ್ತದೆ, 1980ರ ದಶಕದ ಮುದ್ರಣದಲ್ಲಿ ದನಿ ಮಾಗಿದೆ, ಡ್ರಮ್ಸ್ ಮುಂದೆ ಬಂದು ದೊಡ್ಡದಾಗಿ ಬಡಿಯುತ್ತದೆ.

ಮೂಲ ಹಾಡುಗಳು ಒಂದೇ ವಾಹಿನಿಯಲ್ಲಿ, ಅಂದರೆ ಮೋನೋದಲ್ಲಿ, ಹೊರಬಂದವು. ಆದ್ದರಿಂದ ಒಂದು ಒಳ್ಳೆಯ ಸ್ಪೀಕರ್ ಸಾಕು. ಮನೆಯಲ್ಲಿ ಎರಡು ಇದ್ದರೆ ಅವನ್ನು ಕೋಣೆಯ ಎರಡು ಮೂಲೆಗಳಲ್ಲಿ ಇಡದೆ ಪಕ್ಕಪಕ್ಕದಲ್ಲಿ ಇಟ್ಟರೆ ದನಿಯೂ ಗಿಟಾರೂ ಒಂದೇ ಜಾಗದಿಂದ ಬಂದಂತೆ ಕೇಳಿಸುತ್ತವೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೋ ಆಡಿಯೋ ಎಂಬ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅದನ್ನು ಆನ್ ಮಾಡಿಕೊಳ್ಳಬಹುದು. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಗೆ ಹೋಗಿ ವಿಚಾರಿಸಿದರೆ ಈ ಕೆಲಸಕ್ಕೆ ಸಾಲುವ ಸ್ಪೀಕರ್ ಸಿಗುತ್ತದೆ. ಬೇಸ್ ಅಬ್ಬರಿಸುವ, ಮೆರವಣಿಗೆಗೆ ಹೇಳಿ ಮಾಡಿಸಿದ ಮಾದರಿಗಳನ್ನು ಬಿಟ್ಟು, ಮಾತು ಸ್ಪಷ್ಟವಾಗಿ ಕೇಳಿಸುವಂಥದ್ದನ್ನು ಆರಿಸಬೇಕು. ಅಂಗಡಿಯಲ್ಲಿಯೇ ಆಕಾಶವಾಣಿಯ ವಾರ್ತೆಯನ್ನು ಹಾಕಿಸಿ ಕೇಳಿದರೆ ಅದು ತಿಳಿಯುತ್ತದೆ.

ಹಳೆಯ ರೆಕಾರ್ಡುಗಳ ಮೋಹ ಇರುವವರು ಬುಧವಾರ ಅಥವಾ ಭಾನುವಾರ ಹಳೆಯ ಸಾಮಾನುಗಳ ಸಂತೆಯಾದ ಜುನಾ ಬಾಜಾರಿನಲ್ಲಿ ಹುಡುಕಿ ನೋಡಬಹುದು. ಅಲ್ಲಿ ಕೊಳ್ಳುವಾಗ ಪ್ಲೇಟನ್ನು ಬೆಳಕಿಗೆ ಓರೆಯಾಗಿ ಹಿಡಿದು ಗೀರುಗಳನ್ನು ನೋಡಬೇಕು; ಉಗುರಿಗೆ ತಾಗುವಷ್ಟು ಆಳದ ಗೀರು ಇದ್ದರೆ ಬಿಟ್ಟುಬಿಡುವುದು ಲೇಸು. 78ರ ವೇಗದ ಪ್ಲೇಟಿನಲ್ಲಿ ಮುಳ್ಳು ಓಡುವ ತೋಡು ಅಗಲ, 45 ಮತ್ತು 33ರ ವೇಗದ ಪ್ಲೇಟುಗಳ ತೋಡು ಕಿರಿದು. ಎರಡಕ್ಕೂ ಒಂದೇ ಮುಳ್ಳು ಸಲ್ಲುವುದಿಲ್ಲ. ಅಮೆರಿಕದ 45ರ ಪ್ಲೇಟಾದರೆ ನಡುವಿನ ತೂತು ದೊಡ್ಡದಿರುತ್ತದೆ, ಅದಕ್ಕೆ ನಡುವೆ ಕೂರಿಸುವ ಬಿಲ್ಲೆ ಬೇಕು. ಆದರೆ ರೆಕಾರ್ಡು ಸಿಗುವವರೆಗೆ ಕೇಳುವುದನ್ನು ಮುಂದೂಡುವುದು ಬೇಡ.

ಮೊದಲ ಹಾಡು: ‘ಲೋನ್‌ಸಮ್ ಟೌನ್’, 1958

ಅತಿ ಪ್ರಸಿದ್ಧವಾದ ಹಾಡಿನಿಂದ ಆರಂಭಿಸುವ ಆಸೆಯನ್ನು ತಡೆದುಕೊಂಡು, ಬೇಕರ್ ನೈಟ್ ಬರೆದ ಈ ನಿಧಾನಗತಿಯ ಹಾಡಿನಿಂದ ತೊಡಗಬೇಕು. ಮನಸ್ಸು ಮುರಿದವರು ಹೋಗಿ ತಂಗುವ ಒಂದು ಊರಿದೆ, ಅಲ್ಲಿ ಅತ್ತು ಹಗುರಾಗಬಹುದು ಎಂಬುದು ಹಾಡಿನ ತಾತ್ಪರ್ಯ. ಇಂಗ್ಲಿಷ್ ಹಾಡುಗಳ ಅಭ್ಯಾಸವಿಲ್ಲದ ಹಿರಿಯರಿಗೆ ಈ ಒಂದು ವಾಕ್ಯವನ್ನು ಕನ್ನಡದಲ್ಲಿ ಮೊದಲೇ ಹೇಳಿದರೆ ಸಾಕು. ಸಾಹಿತ್ಯವನ್ನು ಅಚ್ಚು ಹಾಕಿಸಿ ಹಂಚಿದರೆ ಎಲ್ಲರೂ ಓದುತ್ತಾರೆ, ಯಾರೂ ಕೇಳುವುದಿಲ್ಲ.

ಇಲ್ಲಿ ಡ್ರಮ್ಸ್ ಇಲ್ಲ, ಅಬ್ಬರವಿಲ್ಲ. ಮೆಲ್ಲಗೆ ಮೀಟುವ ಗಿಟಾರ್, ಹಿಂದೆ ಜೊತೆಗಾಯಕರ ಮಂದ್ರ ದನಿ, ಮುಂದೆ ರಿಕಿ. ಜೊತೆಗೆ ಹಾಡುತ್ತಿರುವವರು ಎಲ್ವಿಸ್ ಅವರ ಜೊತೆ ಹಾಡಿ ಹೆಸರಾಗಿದ್ದ ಜಾರ್ಡನೇರ್ಸ್ ತಂಡದವರು. ದನಿಗೆ ಮರೆಯಾಗಿ ನಿಲ್ಲಲು ಒಂದು ವಾದ್ಯವೂ ಇಲ್ಲದ ಇಂಥ ಏರ್ಪಾಟಿನಲ್ಲಿ ಗಾಯಕನ ಬಂಡವಾಳ ಎಷ್ಟೆಂಬುದು ಬಯಲಾಗಿಬಿಡುತ್ತದೆ. ಮೊದಲ ಸಲ ಸುಮ್ಮನೆ ಕೇಳಬೇಕು. ಎರಡನೆಯ ಸಲ ಸಾಲುಗಳ ಕೊನೆಗೆ ಮಾತ್ರ ಕಿವಿಗೊಡಬೇಕು. ಆ ಕಾಲದ ಪ್ರೇಮಗೀತೆಗಳ ಗಾಯಕರು ಸಾಲಿನ ಕೊನೆಯ ಸ್ವರವನ್ನು ಎಳೆದು, ನಡುಗಿಸಿ, ಉಬ್ಬಿಸಿ ಬಿಡುತ್ತಿದ್ದರು. ರಿಕಿ ಹಾಗೆ ಮಾಡುವುದಿಲ್ಲ. ಸ್ವರವನ್ನು ನೇರವಾಗಿ ಮುಟ್ಟುತ್ತಾರೆ, ಕಂಪನವನ್ನು ಬಹಳ ಕಡಿಮೆ ಬಳಸುತ್ತಾರೆ, ಬಿಡಬೇಕಾದಲ್ಲಿ ಬಿಟ್ಟುಬಿಡುತ್ತಾರೆ, ಮತ್ತು ಉಳಿದ ಮೌನವನ್ನು ಗಿಟಾರ್ ತುಂಬುವುದಕ್ಕೆ ಅವಕಾಶ ಕೊಡುತ್ತಾರೆ. ದುಃಖದ ಹಾಡಿನಲ್ಲಿ ದುಃಖವನ್ನು ಅಭಿನಯಿಸದೆ ಇರುವುದು ಸುಲಭವಲ್ಲ. ಹದಿನೆಂಟನೆಯ ವಯಸ್ಸಿನಲ್ಲಂತೂ ಅದು ಬಹಳ ಅಪರೂಪ. ಮೂರನೆಯ ಸಲ ಉಸಿರಾಟವನ್ನು ಗಮನಿಸಬೇಕು: ಮೈಕಿಗೆ ಹತ್ತಿರ ನಿಂತು, ಮಾತಾಡುವಷ್ಟೇ ಗಾತ್ರದ ದನಿಯಲ್ಲಿ ಹಾಡುತ್ತಿದ್ದಾರೆಂಬುದು ಆಗ ತಿಳಿಯುತ್ತದೆ.

ಕಿರಾನಾ ಪರಂಪರೆಯನ್ನು ಬಲ್ಲ ಕೇಳುಗರು ಇಲ್ಲಿ ಒಂದು ಪ್ರಶ್ನೆಯನ್ನು ಎತ್ತಬಹುದು. ಸ್ವರದ ಮೇಲೆ ನಿಲ್ಲುವುದನ್ನು ನಾವು ಅಬ್ದುಲ್ ಕರೀಂ ಖಾನರ, ಸವಾಯಿ ಗಂಧರ್ವರ ಗಾಯನದಲ್ಲಿ ಕೇಳಿದ್ದೇವೆ, ಗಂಗೂಬಾಯಿ ಹಾನಗಲ್ ಅವರ ಗಾಯನದಲ್ಲಿ ಕೇಳಿದ್ದೇವೆ. ಅದರ ಮುಂದೆ ಇದು ಎಷ್ಟರದು? ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವುದು ನನ್ನ ಉದ್ದೇಶವಲ್ಲ. ಆ ಗಾಯಕರ ದನಿಯ ವಿಸ್ತಾರವಾಗಲಿ, ರಾಗವನ್ನು ಬೆಳೆಸುವ ಸಾಮರ್ಥ್ಯವಾಗಲಿ ಇಲ್ಲಿ ಇಲ್ಲ, ಇರಬೇಕಾಗಿಯೂ ಇಲ್ಲ. ರಿಕಿಯವರ ದನಿಯ ವ್ಯಾಪ್ತಿ ಕಿರಿದು, ಅದು ಅವರಿಗೂ ಗೊತ್ತಿತ್ತು. ತನ್ನ ವ್ಯಾಪ್ತಿಯನ್ನು ಅರಿತು, ಅದರ ಹೊರಗೆ ಕಾಲಿಡದೆ, ಅದರೊಳಗಿನ ಪ್ರತಿ ಸ್ವರವನ್ನೂ ಶುದ್ಧವಾಗಿ ಇಡುವುದನ್ನು ನಮ್ಮ ಹಿರಿಯ ಕೇಳುಗರು ಬೇರೆ ಯಾರಲ್ಲಿ ಕಂಡರೂ ತಲೆದೂಗುತ್ತಾರೆ; ಇಲ್ಲಿಯೂ ತಲೆದೂಗಲು ಅಡ್ಡಿಯೇನಿಲ್ಲ.

ಎರಡನೆಯ ಹೆಜ್ಜೆ: ಲಯ

ಇನ್ನು ವೇಗದ ಹಾಡುಗಳಿಗೆ ಬರಬೇಕು. ಮೊದಲು 1958ರ ‘ಬಿಲೀವ್ ವಾಟ್ ಯೂ ಸೇ’, ಆಮೇಲೆ 1959ರ ‘ಇಟ್ಸ್ ಲೇಟ್’. ಮೊದಲನೆಯದನ್ನು ಜಾನಿ ಮತ್ತು ಡಾರ್ಸಿ ಬರ್ನೆಟ್ ಎಂಬ ಸೋದರರು ಬರೆದರು, ಎರಡನೆಯದನ್ನು ಡಾರ್ಸಿ ಒಬ್ಬರೇ.

ಹಾಡನ್ನು ಹಾಕುವ ಮೊದಲು ಕೇಳುಗರಿಂದ ಒಂದು ಅಭ್ಯಾಸ ಮಾಡಿಸಬೇಕು. ಹದಿನಾರು ಮಾತ್ರೆಗಳ ತೀನ್‌ತಾಲಕ್ಕೆ ಕೈ ಹಾಕಿ ರೂಢಿಯಾದವರು ಸಮದ ಮೇಲೆ, ಅಂದರೆ ಮೊದಲ ಮಾತ್ರೆಯ ಮೇಲೆ, ಒತ್ತು ಕೊಡುತ್ತಾರೆ. ಭಜನೆಯಲ್ಲಿ ತಾಳ ಹಿಡಿದವರಿಗೂ ಅದೇ ಸಹಜ. ರಾಕ್ ಆಂಡ್ ರೋಲ್‌ನಲ್ಲಿ ನಾಲ್ಕು ಮಾತ್ರೆಗಳ ಆವರ್ತನದ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗಳ ಮೇಲೆ ಡ್ರಮ್ಸ್ ಹೊಡೆತ ಬೀಳುತ್ತದೆ. ಒಂದು, ಎರಡು, ಮೂರು, ನಾಲ್ಕು ಎಂದು ಎಣಿಸುತ್ತ ಎರಡು ಮತ್ತು ನಾಲ್ಕಕ್ಕೆ ಮಾತ್ರ ಚಪ್ಪಾಳೆ ತಟ್ಟಬೇಕು. ಆರಂಭದಲ್ಲಿ ಕೈ ತಾನಾಗಿಯೇ ಒಂದಕ್ಕೆ ಜಾರುತ್ತದೆ. ಆಗ ನಿಲ್ಲಿಸಿ ಮತ್ತೆ ಎಣಿಸಬೇಕು. ಇದು ಕೂಡಿಬರುವವರೆಗೆ ಹಾಡನ್ನು ಹಾಕಬಾರದು, ಏಕೆಂದರೆ ಕೈ ತಪ್ಪಾದ ಮಾತ್ರೆಯಲ್ಲಿದ್ದರೆ ಗಾಯಕ ಲಯದೊಡನೆ ಏನು ಮಾಡುತ್ತಿದ್ದಾನೆಂಬುದು ಕೇಳಿಸುವುದೇ ಇಲ್ಲ.

ಕೂಡಿಬಂದ ಮೇಲೆ ‘ಬಿಲೀವ್ ವಾಟ್ ಯೂ ಸೇ’ ಹಾಡನ್ನು ಹಾಕಿ, ಚಪ್ಪಾಳೆಯನ್ನು ಬಹಳ ಮೆಲ್ಲಗೆ ಮುಂದುವರಿಸಬೇಕು. ವೇಗದ ಹಾಡಿನಲ್ಲಿ ಹೊಸ ಗಾಯಕರು ಆತುರದಿಂದ ಮಾತ್ರೆಗಿಂತ ಮುಂದೆ ಓಡುತ್ತಾರೆ. ರಿಕಿ ಓಡುವುದಿಲ್ಲ. ಪದಗಳು ಒತ್ತೊತ್ತಾಗಿ ಬಂದರೂ ಒಂದೊಂದೂ ತನ್ನ ಜಾಗದಲ್ಲಿಯೇ ಬೀಳುತ್ತದೆ, ದನಿ ಮಾತ್ರ ನಿರಾಳವಾಗಿರುತ್ತದೆ. ಅವರು ಗಾಯಕರಾಗುವ ಮೊದಲೇ ಡ್ರಮ್ಸ್ ನುಡಿಸುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಸುವುದು ಸೂಕ್ತ. ‘ಇಟ್ಸ್ ಲೇಟ್’ ಇದಕ್ಕಿಂತ ಕಠಿಣ: ತಡವಾಯಿತು, ಮನೆಯವರು ಏನೆನ್ನುವರೋ ಎಂದು ಕಂಗಾಲಾದ ಇಬ್ಬರ ಕಥೆಯನ್ನು ಅದು ಬಿಡುವಿಲ್ಲದ ಸಾಲುಗಳಲ್ಲಿ ಹೇಳುತ್ತದೆ. ಆ ಗಡಿಬಿಡಿ ಸಾಹಿತ್ಯದಲ್ಲಿದೆ, ಗಾಯಕನ ಉಸಿರಿನಲ್ಲಿ ಇಲ್ಲ. ಪ್ರತಿ ಪದವೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಉಚ್ಚಾರದ ಈ ಸ್ಪಷ್ಟತೆಯನ್ನು ಯಾರೂ ಪ್ರತಿಭೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ನನ್ನ ಎಣಿಕೆಯಲ್ಲಿ ಅದು ಅವರ ಅರ್ಧ ಪ್ರತಿಭೆ.

ಗಿಟಾರಿಗೆ ಬಿಟ್ಟುಕೊಟ್ಟ ಜಾಗ

ಈಗ ಅದೇ ‘ಬಿಲೀವ್ ವಾಟ್ ಯೂ ಸೇ’ ಹಾಡನ್ನು ಮತ್ತೊಮ್ಮೆ ಹಾಕಿ, ದನಿಯನ್ನು ಬಿಟ್ಟು ಗಿಟಾರನ್ನು ಮಾತ್ರ ಕೇಳಬೇಕು. ನುಡಿಸುತ್ತಿರುವವರು ಲೂಯಿಸಿಯಾನಾ ರಾಜ್ಯದ ಜೇಮ್ಸ್ ಬರ್ಟನ್, 1939ರಲ್ಲಿ ಹುಟ್ಟಿದವರು, ರಿಕಿಗಿಂತ ಒಂದು ವರ್ಷವೂ ತುಂಬದಷ್ಟು ಹಿರಿಯರು. ಡೇಲ್ ಹಾಕಿನ್ಸ್ ಅವರ 1957ರ ‘ಸೂಸಿ ಕ್ಯೂ’ ಹಾಡಿನ ಗಿಟಾರ್ ಕೂಡ ಅವರದೇ. ಬಾಬ್ ಲೂಮನ್ ಎಂಬ ಗಾಯಕರ ತಂಡದಲ್ಲಿ ಬರ್ಟನ್ ಮತ್ತು ಬೇಸ್ ವಾದಕ ಜೇಮ್ಸ್ ಕರ್ಕ್‌ಲ್ಯಾಂಡ್ ಅಭ್ಯಾಸ ಮಾಡುತ್ತಿದ್ದುದನ್ನು ರಿಕಿ ಇಂಪೀರಿಯಲ್ ಕಂಪನಿಯ ಕಚೇರಿಯಲ್ಲಿ ಕೇಳಿ, ಇಬ್ಬರನ್ನೂ ತಮ್ಮ ತಂಡಕ್ಕೆ ಕರೆದುಕೊಂಡರು. ಬರ್ಟನ್ ಕೆಲಕಾಲ ನೆಲ್ಸನ್ ಅವರ ಮನೆಯಲ್ಲಿಯೇ ಇದ್ದರು.

ವಾದಕರ ಆಯ್ಕೆಯನ್ನು ಗಾಯಕನ ಪ್ರತಿಭೆಯೆಂದು ಕರೆಯಬಹುದೇ ಎಂದು ಕೇಳುವವರು ಇದ್ದಾರೆ. ಕರೆಯಬೇಕು ಎಂಬುದು ನನ್ನ ಉತ್ತರ. ಒಳ್ಳೆಯ ತಬಲಾ ಸಾಥಿಯನ್ನು ಆರಿಸಿಕೊಳ್ಳುವುದು ಗಾಯಕನ ಅರಿವಿಗೆ ಸಾಕ್ಷಿಯೆಂದು ಬೈಠಕ್‌ಗಳಲ್ಲಿ ನಾವು ಸದಾ ಹೇಳುತ್ತೇವೆ. ಆ ಮಾತು ಇಲ್ಲಿಗೂ ಅನ್ವಯಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಆರಿಸಿಕೊಂಡ ಮೇಲೆ ಅವರಿಗೆ ಜಾಗ ಬಿಡುವುದು. ಇದನ್ನು ಗುರುತಿಸಲು 1961ರ ‘ಹಲೋ ಮೇರಿ ಲೂ’ ಹಾಡನ್ನು ಹಾಕಬೇಕು. ಅದನ್ನು ಬರೆದದ್ದು ಜೀನ್ ಪಿಟ್ನಿ. ನಡುವೆ ಬರುವ ಬರ್ಟನ್ ಅವರ ಸೋಲೋ ಕೆಲವೇ ಸೆಕೆಂಡುಗಳದು, ಆದರೆ ಅದನ್ನು ಹಾಡುತ್ತ ನೆನಪಿಟ್ಟುಕೊಳ್ಳಬಹುದು. ಹಾಡಿನ ಒಳಗೇ ಇನ್ನೊಂದು ಚಿಕ್ಕ ಹಾಡು ಇದ್ದಂತಿದೆ. ಅದು ಬರುವ ಮೊದಲು ರಿಕಿ ಕೂಗಿ ಸೂಚನೆ ಕೊಡುವುದಿಲ್ಲ, ಮುಗಿದ ಮೇಲೆ ಅದನ್ನು ಮೀರಿಸಲು ದನಿ ಏರಿಸುವುದೂ ಇಲ್ಲ. ಬೇಸ್ ಇಲ್ಲಿ ಜೋ ಆಸ್ಬಾರ್ನ್ ಅವರದು. ಬರ್ಟನ್ 1969ರಿಂದ ಎಲ್ವಿಸ್ ಅವರ ತಂಡದ ಪ್ರಧಾನ ಗಿಟಾರ್ ವಾದಕರಾದರು ಎಂಬುದನ್ನು ಹೇಳಿದರೆ, ಇಪ್ಪತ್ತು ತುಂಬುವ ಮೊದಲೇ ಅವರನ್ನು ಗುರುತಿಸಿದ ರಿಕಿಯವರ ಕಿವಿಯ ಬೆಲೆ ಕೇಳುಗರಿಗೆ ತಾನಾಗಿ ಅರ್ಥವಾಗುತ್ತದೆ.

ಇದೇ ಪ್ಲೇಟಿನ ಇನ್ನೊಂದು ಬದಿಯಲ್ಲಿದ್ದ ಹಾಡು ಜೆರ್ರಿ ಫುಲ್ಲರ್ ಬರೆದ ‘ಟ್ರಾವೆಲಿನ್ ಮ್ಯಾನ್’, ಅದು ಮೊದಲ ಸ್ಥಾನಕ್ಕೇರಿತು. ಊರೂರು ಸುತ್ತುವವನೊಬ್ಬ ತನ್ನ ಪ್ರೇಯಸಿಯರನ್ನು ನೆನೆಯುವ ಹಾಡು. ಸಾಹಿತ್ಯ ನನಗೆ ಅಷ್ಟು ಹಿಡಿಸುವುದಿಲ್ಲ, ಹಾಡಿದ ಬಗೆ ಮಾತ್ರ ನಿರ್ದುಷ್ಟವಾದದ್ದು. ಒಮ್ಮೆ ಹಾಕಿ ಮುಂದೆ ಹೋಗಬಹುದು.

ಹೋಲಿಸಿ ಕೇಳುವುದು

ಮೆಚ್ಚುಗೆಯ ಜೊತೆಗೆ ನ್ಯಾಯವೂ ಇರಬೇಕಾದ್ದರಿಂದ ಹೋಲಿಕೆಯ ಹಂತವನ್ನು ಬಿಡಬಾರದು. ಮೊದಲು ಫ್ಯಾಟ್ಸ್ ಡಾಮಿನೋ ಅವರ ‘ಐ ಆಮ್ ವಾಕಿಂಗ್’, ಅದರ ಹಿಂದೆಯೇ ರಿಕಿಯವರ ಆವೃತ್ತಿ. ಇಲ್ಲಿ ಡಾಮಿನೋ ಅವರೇ ಮೇಲು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ನ್ಯೂ ಆರ್ಲಿಯನ್ಸ್ ನಗರದ ನಡಿಗೆ ಅವರ ಪಿಯಾನೋದಲ್ಲಿಯೂ ದನಿಯಲ್ಲಿಯೂ ಇದೆ; ರಿಕಿ ಇನ್ನೂ ಅನನುಭವಿ. ಕಪ್ಪು ಗಾಯಕರ ಹಾಡುಗಳನ್ನು ಬಿಳಿಯ ಯುವಕರು ಮತ್ತೆ ಹಾಡಿ, ಮೂಲದವರಿಗೆ ದೊರೆಯದಿದ್ದ ಟಿವಿಯ ಬಾಗಿಲುಗಳನ್ನು ದಾಟುತ್ತಿದ್ದ ಕಾಲವದು, ಮತ್ತು ಅದನ್ನು ಕೇಳುಗರಿಗೆ ಸ್ಪಷ್ಟವಾಗಿ ಹೇಳಬೇಕು. ಆಮೇಲೆ ರಿಕಿ ಸೇರಿದ ಇಂಪೀರಿಯಲ್, ಡಾಮಿನೋ ಅವರ ಹಾಡುಗಳನ್ನು ಹೊರತರುತ್ತಿದ್ದ ಕಂಪನಿಯೇ. ಮೊದಲ ಹಾಡಿನಿಂದ ‘ಲೋನ್‌ಸಮ್ ಟೌನ್’ವರೆಗೆ ಸುಮಾರು ಒಂದೂವರೆ ವರ್ಷದ ಅಂತರವಿದೆ, ಅಷ್ಟರಲ್ಲಿ ಅವರು ಬೇರೆಯವರ ದನಿಯನ್ನು ಅನುಸರಿಸುವುದನ್ನು ಬಿಟ್ಟು ತಮ್ಮದನ್ನು ಕಂಡುಕೊಂಡಿದ್ದರು. ಮೊದಲ ಹಾಡಿನ ದೌರ್ಬಲ್ಯವನ್ನು ಮರೆಮಾಚದೆ ಕೇಳಿಸಿದರೆ ಈ ಬೆಳವಣಿಗೆ ಎದ್ದು ಕಾಣುತ್ತದೆ.

ಎರಡನೆಯ ಹೋಲಿಕೆಗೆ 1959ರ ‘ರಿಯೋ ಬ್ರಾವೋ’ ಚಲನಚಿತ್ರ ನೆರವಾಗುತ್ತದೆ. ಹೋವರ್ಡ್ ಹಾಕ್ಸ್ ನಿರ್ದೇಶಿಸಿದ, ಜಾನ್ ವೇಯ್ನ್ ನಾಯಕರಾಗಿರುವ ಈ ಚಿತ್ರದಲ್ಲಿ ರಿಕಿ ಮತ್ತು ಡೀನ್ ಮಾರ್ಟಿನ್ ಸೇರಿ ಹಾಡುವ ಒಂದು ದೃಶ್ಯವಿದೆ. ಮಾರ್ಟಿನ್ ಆಗಲೇ ಹೆಸರಾಂತ, ಪಳಗಿದ ಗಾಯಕರು. ಪಕ್ಕದಲ್ಲಿರುವ ತರುಣ ಅವರೊಡನೆ ಸ್ಪರ್ಧೆಗೆ ಇಳಿಯದೆ, ಕುಗ್ಗದೆ, ತನ್ನ ಪಾಲನ್ನು ಮಟ್ಟಸವಾಗಿ ಹಾಡುತ್ತಾರೆ. ಇದೊಂದನ್ನು ಮಾತ್ರ ಚಿತ್ರದೊಡನೆ ನೋಡಬಹುದು. ಉಳಿದ ಹಾಡುಗಳನ್ನು ಮೊದಲ ಸಂಜೆ ಚಿತ್ರವಿಲ್ಲದೆಯೇ ಕೇಳಬೇಕೆಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಮುಖದ ಚೆಲುವು ದನಿಯ ಮೇಲಿನ ಗಮನವನ್ನು ಇಂದಿಗೂ ಕದಿಯುತ್ತದೆ.

ಎರಡನೆಯ ಸಂಜೆ: ನಂತರದ ವರ್ಷಗಳು

1961ರಲ್ಲಿ, ಇಪ್ಪತ್ತೊಂದು ತುಂಬಿದಾಗ, ಅವರು ತಮ್ಮ ಹೆಸರನ್ನು ರಿಕ್ ನೆಲ್ಸನ್ ಎಂದು ಬದಲಿಸಿಕೊಂಡರು. 1963ರಲ್ಲಿ ಡೆಕ್ಕಾ ಕಂಪನಿಗೆ ಹೋದರು. ಮರುವರ್ಷ ಇಂಗ್ಲೆಂಡಿನ ಬೀಟಲ್ಸ್ ತಂಡ ಅಮೆರಿಕಕ್ಕೆ ಬಂದ ಮೇಲೆ ಅವರ ತಲೆಮಾರಿನ ಬಹುತೇಕ ಗಾಯಕರಂತೆ ಇವರೂ ಪಟ್ಟಿಗಳಿಂದ ಜಾರಿದರು. ಆ ನಡುಗಾಲವನ್ನು ಬೇಗನೆ ದಾಟಬಹುದು. ನಿಲ್ಲಬೇಕಾದದ್ದು 1969ರಲ್ಲಿ ಅವರು ಕಟ್ಟಿದ ಸ್ಟೋನ್ ಕ್ಯಾನ್ಯನ್ ಬ್ಯಾಂಡ್ ತಂಡದ ಬಳಿ. ಮುಂದೆ ಈಗಲ್ಸ್ ತಂಡವನ್ನು ಕಟ್ಟಿದವರಲ್ಲಿ ಒಬ್ಬರಾದ ರ‍್ಯಾಂಡಿ ಮೈಸ್ನರ್ ಇದರ ಮೊದಲ ಬೇಸ್ ವಾದಕರು. ಕಂಟ್ರಿ ಗಾಯಕ ಬಕ್ ಓವೆನ್ಸ್ ಅವರ ತಂಡದಿಂದ ಬಂದ ಟಾಮ್ ಬ್ರಮ್ಲಿ ಸ್ಟೀಲ್ ಗಿಟಾರ್ ನುಡಿಸಿದರು. ಹಳ್ಳಿಗಾಡಿನ ಕಂಟ್ರಿ ಸಂಗೀತವನ್ನೂ ರಾಕ್ ಸಂಗೀತವನ್ನೂ ಹದವಾಗಿ ಬೆರೆಸುವ ಕೆಲಸವನ್ನು, ಅದು ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ವ್ಯಾಪಾರವಾಗುವುದಕ್ಕೆ ಮುಂಚೆಯೇ, ಈ ತಂಡ ಮಾಡುತ್ತಿತ್ತು. ಅವರು 1969ರಲ್ಲಿ ಲಾಸ್ ಏಂಜಲೀಸ್‌ನ ಟ್ರೂಬಡೂರ್ ಕ್ಲಬ್ಬಿನಲ್ಲಿ ಹಾಡಿದ ಕಾರ್ಯಕ್ರಮದ ಧ್ವನಿಮುದ್ರಣ ಲಭ್ಯವಿದೆ. ಬಾಬ್ ಡಿಲನ್ ಅವರ ‘ಶಿ ಬಿಲಾಂಗ್ಸ್ ಟು ಮಿ’ ಹಾಡನ್ನು ಅದರಲ್ಲಿ ಕೇಳಿ, ಹತ್ತು ವರ್ಷಗಳ ಹಿಂದಿನ ದನಿಯಲ್ಲಿ ಏನು ಉಳಿದಿದೆ, ಏನು ಬದಲಾಗಿದೆ ಎಂದು ಕೇಳುಗರನ್ನೇ ಕೇಳಬೇಕು.

ಆಮೇಲೆ 1972ರ ‘ಗಾರ್ಡನ್ ಪಾರ್ಟಿ’, ಇದನ್ನು ಅವರೇ ಬರೆದರು. ಹಿನ್ನೆಲೆ ತಿಳಿಯದಿದ್ದರೆ ಈ ಹಾಡು ಅರ್ಧ ಮಾತ್ರ ದಕ್ಕುತ್ತದೆ. 1971ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಹಳೆಯ ರಾಕ್ ಆಂಡ್ ರೋಲ್ ಗಾಯಕರ ಒಂದು ಕೂಟ ಏರ್ಪಟ್ಟಿತ್ತು. ಜನ ಹಳೆಯ ರಿಕಿಯನ್ನು ನೋಡಲು ಬಂದಿದ್ದರು; ಉದ್ದ ಕೂದಲು ಬಿಟ್ಟಿದ್ದ ರಿಕ್ ಹೊಸ ಹಾಡನ್ನು ಎತ್ತಿಕೊಂಡಾಗ ಸಭೆಯಿಂದ ಧಿಕ್ಕಾರದ ಕೂಗು ಕೇಳಿಬಂತು. ಆ ಅವಮಾನವನ್ನು ಅವರು ಹಾಡಾಗಿಸಿದರು, ಎಲ್ಲರನ್ನೂ ಮೆಚ್ಚಿಸಲು ಆಗದು, ತನ್ನ ಮನಸ್ಸಿಗೆ ಒಪ್ಪುವುದನ್ನು ಮಾಡಬೇಕು ಎಂಬುದೇ ಅದರ ಪಲ್ಲವಿಯ ಸಾರ. ಹಾಡು ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆರನೆಯ ಸ್ಥಾನಕ್ಕೆ ಬಂತು. ಸಿಟ್ಟಿನ ಈ ಹಾಡಿನಲ್ಲಿಯೂ ದನಿ ಏರುವುದಿಲ್ಲ ಎಂಬುದನ್ನು ಕೇಳುಗರೇ ಗುರುತಿಸುವಂತೆ ಬಿಡಬೇಕು. ಮೊದಲ ಸಂಜೆ ‘ಲೋನ್‌ಸಮ್ ಟೌನ್’ ಹಾಡಿನ ಸಾಲುಗಳ ಕೊನೆಯನ್ನು ಗಮನಿಸಿದವರು ಇಲ್ಲಿ ತಾವಾಗಿಯೇ ಅದನ್ನು ಹೇಳುತ್ತಾರೆ.

1985ರ ಡಿಸೆಂಬರ್ 31ರಂದು ಟೆಕ್ಸಸ್ ರಾಜ್ಯದ ಡಿ ಕಾಲ್ಬ್ ಬಳಿ ನಡೆದ ವಿಮಾನ ದುರಂತದಲ್ಲಿ ಅವರು ತೀರಿಕೊಂಡರು. ವಯಸ್ಸು ನಲವತ್ತೈದು. 1987ರಲ್ಲಿ ಅವರ ಹೆಸರನ್ನು ರಾಕ್ ಆಂಡ್ ರೋಲ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.

ಹಾಡಬಯಸುವವರಿಗೆ

ಕನ್ನಡ ಸಂಘದ ಕಾರ್ಯಕ್ರಮದಲ್ಲಿ ಅಥವಾ ಕಾಲೇಜಿನ ವೇದಿಕೆಯಲ್ಲಿ ಈ ಹಾಡುಗಳಲ್ಲಿ ಒಂದನ್ನು ಹಾಡಬೇಕೆಂದು ಮನೆಯ ಮಕ್ಕಳು ಬಯಸಿದರೆ, ಮೊದಲು ಶ್ರುತಿಯನ್ನು ತಮ್ಮ ಮಾತಿನ ದನಿಗೆ ಹತ್ತಿರವಾಗಿ ಇಳಿಸಿಕೊಳ್ಳುವಂತೆ ಹೇಳಬೇಕು. ಮೂಲದ ಶ್ರುತಿಯಲ್ಲಿಯೇ ಹಾಡುವ ಹಟ ಬೇಡ, ಏಕೆಂದರೆ ಗಂಟಲು ಬಿಗಿಯಾದ ಕ್ಷಣದಲ್ಲಿಯೇ ಈ ಶೈಲಿ ಕೆಡುತ್ತದೆ. ಮೈಕನ್ನು ಬಾಯಿಯಿಂದ ನಾಲ್ಕು ಬೆರಳಿನ ಅಂತರದಲ್ಲಿ ಹಿಡಿದು, ಎದುರಿಗೆ ಕುಳಿತ ಒಬ್ಬರಿಗೆ ಹೇಳುವಷ್ಟೇ ದನಿಯಲ್ಲಿ ಹಾಡಬೇಕು. ಸಭಾಂಗಣದ ಕೊನೆಯ ಸಾಲಿಗೆ ಮುಟ್ಟಿಸುವ ಹೊಣೆ ಧ್ವನಿವರ್ಧಕದವರದು. ಅವರೊಡನೆ ಮೊದಲೇ ಮಾತಾಡಿ ಎಕೋವನ್ನು ಕಡಿಮೆ ಇರಿಸಿಕೊಳ್ಳಬೇಕು, ಇಲ್ಲದಿದ್ದರೆ ಸಾಲಿನ ಕೊನೆಗಳು ಕಲಸಿಹೋಗುತ್ತವೆ. ಶಾಸ್ತ್ರೀಯ ಸಂಗೀತ ಕಲಿಯುತ್ತಿರುವ ಮಕ್ಕಳಿಗೆ ಸಾಲಿನ ಕೊನೆಯಲ್ಲಿ ಚಿಕ್ಕದೊಂದು ಮುರ್ಕಿ, ಅಂದರೆ ಸ್ವರಗಳ ಚುಟುಕು ಬಳುಕು, ಹಾಕುವ ಆಸೆ ಬರುತ್ತದೆ. ಅದನ್ನು ಈ ಹಾಡುಗಳ ಮಟ್ಟಿಗೆ ಬಿಡಿಸಬೇಕು. ಗಿಟಾರ್ ನುಡಿಸುವ ಗೆಳೆಯನಿದ್ದರೆ ಅವನ ಸೋಲೋ ನಡೆಯುವಾಗ ಗಾಯಕ ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲಲಿ. ಆರಂಭದ ಅಭ್ಯಾಸಕ್ಕೆ ‘ಹಲೋ ಮೇರಿ ಲೂ’ ತ್ರಾಸವಿಲ್ಲದ ಹಾಡು. ‘ಲೋನ್‌ಸಮ್ ಟೌನ್’ ಕೇಳಲು ಸುಲಭವೆನಿಸಿದರೂ ಹಾಡಲು ಎಲ್ಲಕ್ಕಿಂತ ಕಷ್ಟದ್ದು, ಅದನ್ನು ಎತ್ತಿಕೊಳ್ಳುವ ಮೊದಲು ಕೆಲವು ತಿಂಗಳು ಉಸಿರಿನ ಹಿಡಿತವನ್ನು ಸಾಧಿಸಿಕೊಳ್ಳಬೇಕು.